ತೂಕದಕ್ಕನ ಏಳು, ಎರಡು

ಅಂದು ಪಾಪುವಿಗೆ ಹಸಿವಾಗಿರಲಿಲ್ಲ.

ಹತ್ತೊಂಬತ್ತು ದಿನಗಳಿಂದ ಈ ಒಂದು ಮಾತು ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ನುಂಗಲೂ ಆಗದು, ಉಗುಳಲೂ ಆಗದು. ಹಾಲು ಕುಡಿಸಿ, ಹೆಗಲ ಮೇಲೆ ಹಾಕಿಕೊಂಡು, ಬೆನ್ನು ತಟ್ಟಿ ತೇಗು ಬರಿಸಿ ಐದು ನಿಮಿಷವೂ ಕಳೆದಿರಲಿಲ್ಲ. ತುಟಿಯ ಅಂಚಿನ ಹಾಲು ಇನ್ನೂ ಒಣಗಿರಲಿಲ್ಲ. ದೊಡ್ಡಮ್ಮ ಎದುರಿನ ಕುರ್ಚಿಯಲ್ಲೇ ಕುಳಿತು ಅದನ್ನೆಲ್ಲ ನೋಡಿದ್ದಳು. ಆದರೂ ಕನ್ನಡಕ ತೆಗೆದು, ಕರ್ಚೀಫಿನಿಂದ ನಿಧಾನವಾಗಿ ಒರೆಸುತ್ತ, "ಪಾಪುಗೆ ಹಸಿವಾಗ್ತಿದೆಯೇನೋ ನೋಡೇ ಪುಟ್ಟಿ" ಎಂದಳು.

ಅದಕ್ಕೆ ಒಂದು ಕ್ಷಣ ಮೊದಲು ಹೇಳಿದ ಮಾತು ಇದು: "ಬರೀ ಕೊಬ್ಬಿನ ಗಂಟಂತೆ. ಡಾಕ್ಟರು ಬಿಟ್ಬಿಡಿ ಅಂದ್ರು."

ಗಂಟಿನ ವಿಷಯ ನನಗೆ ಗೊತ್ತಾದದ್ದೂ ಆಕಸ್ಮಿಕವಾಗಿಯೇ. ಅದಕ್ಕಿಂತ ಒಂದು ತಿಂಗಳ ಹಿಂದೆ, ಪಾಪುವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸುವಾಗ ದೊಡ್ಡಮ್ಮನ ಮುಖ ಕಿವುಚಿಕೊಂಡಿತು. ಬಿಡದೆ ಕಾಡಿದ ಮೇಲೆ ಬಾಯಿ ಬಿಟ್ಟಳು. ಎಡಗಡೆ, ಕಂಕುಳಿನ ಹತ್ತಿರ, ಗೋಲಿಯಷ್ಟು. ಪರೀಕ್ಷೆ ಮಾಡಿಸಲೇಬೇಕೆಂದು ಆಣೆ ಹಾಕಿಸಿಕೊಂಡೆ. ಆಸ್ಪತ್ರೆಗೆ ಒಬ್ಬಳೇ ಹೋದಳು, ಒಬ್ಬಳೇ ಬಂದಳು, ಕೊಬ್ಬಿನ ಗಂಟು ಅಂದಳು. ನಾನು ನಂಬಿದೆ. ಎದೆಯ ಮೇಲಿನ ಬಂಡೆ ಇಳಿದಂತಾಗಿ ಗಟ್ಟಿಯಾಗಿ ನಕ್ಕೆ ಕೂಡ. ಅವಳು ಹೋದ ಮೇಲೆ ಕಪ್ಪು ತೊಳೆಯುತ್ತಿದ್ದಾಗ ಕೈ ತಾನಾಗಿ ನಿಂತಿತು. ಆ ಕನ್ನಡಕ, ಆ ಪ್ರಶ್ನೆ. ಇವೆರಡನ್ನೂ ಒಟ್ಟಿಗೆ ಹಿಂದೊಮ್ಮೆ ಎಲ್ಲಿ ಕಂಡಿದ್ದೆ ಎಂಬುದು ನೆನಪಾಯಿತು.

ರಾತ್ರಿ ಊಟಕ್ಕೆ ಕುಳಿತಾಗ ಗಂಡನಿಗೆ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತದೆ, "ಕನ್ನಡಕ ಒರೆಸಿದ್ರೂ ಕಾಯಿಲೆನಾ? ಚಿಂತೆ ಮಾಡೋದೂ ಒಂದು ನೌಕರಿ ಆಗಿದ್ರೆ ನಿನಗೆ ಇಷ್ಟೊತ್ತಿಗೆ ಬಡ್ತಿ ಸಿಕ್ಕಿರ್ತಿತ್ತು" ಅಂದರು.

ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಗ್ಯಾಸ್ ಆರಿಸಿದೆನೇ ಎಂದು ಮೂರು ಸಲ ಎದ್ದು ನೋಡುವವಳು, ಮಗು ಗಾಢವಾಗಿ ಮಲಗಿದರೆ ಮೂಗಿನ ಬಳಿ ಬೆರಳಿಡುವವಳು ನಾನು. ಆದರೆ ಇದು ಆ ಜಾತಿಯ ಚಿಂತೆಯಲ್ಲ. ಅದು ಯಾಕಲ್ಲ ಎಂದು ಹೇಳಬೇಕಾದರೆ ದೊಡ್ಡಮ್ಮ ಎಂಥವಳು ಎಂಬುದನ್ನು ಮೊದಲು ಹೇಳಬೇಕು.

ದೊಡ್ಡಮ್ಮ, ಎಂದರೆ ನನ್ನ ಅಮ್ಮನ ಅಕ್ಕ, ಮೂವತ್ತೊಂದು ವರ್ಷ ಲಾರಿಗಳನ್ನು ತೂಗಿದಳು. ಹೆದ್ದಾರಿಯ ಪಕ್ಕದ ಗೋದಾಮುಗಳ ಅಂಗಳದಲ್ಲಿ ನೆಲಕ್ಕೆ ಹೂತ ದೊಡ್ಡ ಉಕ್ಕಿನ ಹಲಗೆ, ಅದರ ಪಕ್ಕ ಗಾಜಿನ ಕಿಟಕಿಯ ಸಣ್ಣ ಕೋಣೆ. ಲಾರಿ ಹಲಗೆಯನ್ನು ಹತ್ತಿದರೆ ಕೋಣೆಯೊಳಗಿನ ಕೆಂಪು ಅಂಕಿಗಳು ಏರುತ್ತವೆ, ತೂಗಾಡುತ್ತವೆ, ಆಮೇಲೆ ನಿಲ್ಲುತ್ತವೆ. ನಿಲ್ಲುವವರೆಗೆ ಬರೆಯಬಾರದು. ಖಾಲಿ ಲಾರಿಯ ತೂಕ ಒಂದು, ತುಂಬಿದ ಲಾರಿಯ ತೂಕ ಒಂದು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿದದ್ದು ಸರಕು. ಚೀಟಿಯ ಮೇಲೆ ಮೊದಲು ನಂಬರು, ಆಮೇಲೆ ತಾರೀಖು, ಕೊನೆಗೆ ತೂಕ. ಬರೆಯುತ್ತ ಬರೆಯುತ್ತ ಅದನ್ನು ಏರಿಳಿತವಿಲ್ಲದ ದನಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದಳು.

ಡ್ರೈವರುಗಳು ಅವಳಿಗೆ ಇಟ್ಟ ಹೆಸರು ತೂಕದಕ್ಕ. ಸರಕಿನ ತೂಕ ಹೆಚ್ಚಿಸಲು ಅವರು ಮಾಡದ ಕಸರತ್ತಿಲ್ಲ. ಟಾರ್ಪಾಲಿಗೆ ನೀರು ಹೊಡೆಸುವುದು, ಸೀಟಿನ ಹಿಂದೆ ಆಳುಗಳನ್ನು ಮಲಗಿಸುವುದು. ದೊಡ್ಡಮ್ಮ ಅಂಕಿಯನ್ನು ನೋಡುವ ಮೊದಲು ಡ್ರೈವರನ ಮುಖ ನೋಡುತ್ತಿದ್ದಳು. ಒಮ್ಮೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸೀಟಿನ ಹಿಂದೆ ಮಲಗಿರೋ ನಿನ್ನ ಭಾವಮೈದುನನ್ನ ಇಳಿಸಪ್ಪಾ. ಅವನನ್ನೂ ಕಬ್ಬಿಣದ ರೇಟಿಗೆ ಮಾರ್ತೀಯೇನು?" ಅಂದಳು. ಭಾವಮೈದುನ ಕಣ್ಣುಜ್ಜಿಕೊಳ್ಳುತ್ತ ಇಳಿದ.

"ಅವನು ಭಾವಮೈದುನ ಅಂತ ಹೆಂಗ್ ಗೊತ್ತಾಯ್ತಕ್ಕಾ?"

"ಇನ್ಯಾರಪ್ಪ ಇಷ್ಟು ಅಗ್ಗಕ್ಕೆ ಸಿಗ್ತಾರೆ?"

ನನಗೆ ನಾಲ್ಕು ವರ್ಷವಿದ್ದಾಗ ಅಪ್ಪ ತೀರಿಕೊಂಡರು. ಅಮ್ಮನಿಗೆ ದಾರದ ಕಾರ್ಖಾನೆಯಲ್ಲಿ ಶನಿವಾರವೂ ಸಂಜೆವರೆಗೆ ಪಾಳಿ. ಹಾಗಾಗಿ ಅರ್ಧ ದಿನದ ಶಾಲೆ ಮುಗಿಸಿ, ಬ್ಯಾಗು ಹೊತ್ತು ನಾನು ನೇರ ತೂಕದ ಕೋಣೆಗೆ ಹೋಗುತ್ತಿದ್ದೆ. ಶನಿವಾರ ಎರಡು ಗಂಟೆಗೆ ಅಂಗಳದ ಬಾಗಿಲು ಮುಚ್ಚುತ್ತಿತ್ತು. ಆಗ ಕೋಣೆಯ ಹಿಂದೆ ಎರಡು ಡ್ರಮ್ಮುಗಳ ಮೇಲೆ ಮುರಿದ ಲಾರಿಯ ಹಲಗೆ ಇಟ್ಟು ನಾಲ್ಕು ಜನ ಪೋಕರ್ ಆಡಲು ಕೂರುತ್ತಿದ್ದರು. ಟಯರಿಗೆ ತೇಪೆ ಹಾಕುವ ಪಂಕ್ಚರ್ ಮಾಮ. ಅಂಗಳದ ಕಾವಲುಗಾರರಾದ ಗೇಟಿನವರು. ಹಡಗುಕಟ್ಟೆಯಲ್ಲಿ ಸರಕಿಗಾಗಿ ಕಾಯುತ್ತ ಈ ಆಟವನ್ನು ಕಲಿತು ಬಂದ ಮುದಿ ಡ್ರೈವರ್. ಅವನನ್ನು ಎಲ್ಲರೂ ಹದಿನಾಲ್ಕು ಚಕ್ರ ಎನ್ನುತ್ತಿದ್ದರು. ನಾಲ್ಕನೆಯವಳು ದೊಡ್ಡಮ್ಮ. ನಾನು ಅವಳ ಬೆನ್ನ ಹಿಂದೆ ಸ್ಟೂಲಿನ ಮೇಲೆ, ಲೆಕ್ಕದ ಪುಸ್ತಕ ತೊಡೆಯ ಮೇಲೆ, ಕಣ್ಣು ಅವಳ ಎಲೆಗಳ ಮೇಲೆ.

ಪಣವೇನೂ ದೊಡ್ಡದಲ್ಲ. ಒಬ್ಬೊಬ್ಬರಿಗೆ ಐವತ್ತು ಕಬ್ಬಿಣದ ವಾಷರು. ಐವತ್ತೂ ಸೇರಿದರೆ ಒಂದು ಸಿನಿಮಾ ಟಿಕೆಟ್ಟಿನ ಬೆಲೆ. ಕಳೆದುಕೊಂಡವನು ಮನೆಗೆ ಹೋಗಬೇಕು, ಎರಡನೇ ಸಲ ಕೊಳ್ಳುವಂತಿಲ್ಲ. ಒಬ್ಬೊಬ್ಬರ ಕೈಗೆ ಮುಚ್ಚಿದ ಎರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಮೂರು, ಆಮೇಲೆ ಒಂದು, ಆಮೇಲೆ ಇನ್ನೊಂದು ತೆರೆಯುತ್ತವೆ. ಪ್ರತಿಸಲ ತೆರೆದಾಗಲೂ ಪಣ ಒಡ್ಡಬೇಕು, ಇಲ್ಲವೇ ಎಲೆ ಕೆಳಗಿಟ್ಟು ಕೈ ತೊಳೆದುಕೊಳ್ಳಬೇಕು. ಮಿಕ್ಕವರೆಲ್ಲ ಇಟ್ಟುಬಿಟ್ಟರೆ ಉಳಿದವನು ಎಲೆ ತೋರಿಸದೆಯೇ ಗೆದ್ದ; ಕೊನೆವರೆಗೂ ನಿಂತರೆ ದೊಡ್ಡ ಜೋಡಿಯವನು ಗೆದ್ದ, ಎಲ್ಲಕ್ಕೂ ದೊಡ್ಡದು ಎಕ್ಕ. ಎಷ್ಟು ಒಡ್ಡಬೇಕು ಎನ್ನುವುದಕ್ಕೆ ಮಾತ್ರ ಮಿತಿಯಿಲ್ಲ. ಯಾರು ಬೇಕಾದರೂ, ಯಾವಾಗ ಬೇಕಾದರೂ, ತಮ್ಮ ಮುಂದಿದ್ದ ಅಷ್ಟನ್ನೂ ತಳ್ಳಿಬಿಡಬಹುದು. ಸಣ್ಣ ಆಟಕ್ಕೂ ಎದೆ ಡವಗುಟ್ಟುತ್ತಿದ್ದುದು ಆ ಒಂದು ಕಾರಣಕ್ಕೆ.

ದೊಡ್ಡಮ್ಮ ಹತ್ತರಲ್ಲಿ ಒಂಬತ್ತು ಸಲ ಎಲೆ ಕೆಳಗಿಡುತ್ತಿದ್ದಳು. ಎಲೆ ಬಂತು, ಮೂಲೆ ಎತ್ತಿ ನೋಡಿದಳು, ಇಟ್ಟಳು. ಒಮ್ಮೆ ಅವಳ ಕೈಯಲ್ಲಿ ಎರಡು ರಾಜ. ನಾನು ಲೆಕ್ಕದ ಪುಸ್ತಕ ಮುಚ್ಚಿದೆ. ನಡುವಿನ ಮೂರು ಎಲೆಗಳಲ್ಲಿ ಒಂದು ಎಕ್ಕ ಬಿತ್ತು. ಗೇಟಿನವರು ಕೆಮ್ಮಿ, ತಮ್ಮ ವಾಷರುಗಳಲ್ಲಿ ಅರ್ಧವನ್ನು ಮುಂದಕ್ಕೆ ಸರಿಸಿದರು. ದೊಡ್ಡಮ್ಮ ಎರಡು ರಾಜರನ್ನೂ ಬೋರಲು ಇಟ್ಟಳು. ಗೇಟಿನವರು ಖುಷಿ ತಡೆಯಲಾರದೆ ತಮ್ಮ ಎಕ್ಕವನ್ನು ತೋರಿಸಿಯೇಬಿಟ್ಟರು.

ಮನೆಗೆ ನಡೆಯುವಾಗ ಕೇಳಿದೆ, "ರಾಜ ಇಡೋಕೆ ಮನಸ್ಸು ಹೇಗೆ ಬಂತು ದೊಡ್ಡಮ್ಮ?"

"ಗೇಟಿನವರು ವರ್ಷಕ್ಕೆ ಎರಡು ಸಲ ಬಾಯಿ ಬಿಡೋ ಮನುಷ್ಯ. ಅಂಥೋರು ಬಾಯಿ ಬಿಟ್ಟಾಗ ಕೇಳ್ಬೇಕು."

"ಆದ್ರೆ ನೀನಾಗ್ಲೇ ಎಂಟು ವಾಷರ್ ಹಾಕಿದ್ಯಲ್ಲ?"

"ನಡುವೆ ಹಾಕಿದ್ದು ನಮ್ಮದಲ್ಲ ಪುಟ್ಟಿ. ಅದು ಹೋಯ್ತು. ಹೋದದ್ದನ್ನ ತರೋಕೆ ಇದ್ದದ್ದನ್ನ ಕಳಿಸಬಾರ್ದು."

ಒಳ್ಳೆಯ ಎಲೆ ಬಂದಾಗ ಅವಳು ಸಂಕೋಚಪಡುತ್ತಿರಲಿಲ್ಲ. "ಆಸೆ ಇಟ್ಕೊಂಡು ಬರೋರು ಬೆಲೆ ಕೊಟ್ಟು ಬರ್ಲಿ" ಎಂದು ದೊಡ್ಡದಾಗಿಯೇ ತಳ್ಳುತ್ತಿದ್ದಳು. ಆದರೆ ಅಷ್ಟರಲ್ಲಿ ಅವಳ ಗುಣ ಎಲ್ಲರಿಗೂ ಗೊತ್ತಾಗಿತ್ತು. "ತೂಕದಕ್ಕ ಕೈ ಎತ್ತಿದ್ಲು, ಓಡ್ರಪ್ಪೋ" ಎಂದು ಮೂವರೂ ಎಲೆ ಎಸೆಯುತ್ತಿದ್ದರು. ಒಳ್ಳೆಯ ಎಲೆಗೂ ಅವಳಿಗೆ ದಕ್ಕುತ್ತಿದ್ದುದು ಮೂರೋ ನಾಲ್ಕೋ ವಾಷರು. ಬಾಳಿನಲ್ಲಿಯೂ ಅವಳದು ಹಾಗೆಯೇ ಆಯಿತು. ವರ್ಷಕ್ಕೊಮ್ಮೆ ಕಬ್ಬಿಣದ ಗುಂಡುಗಳನ್ನು ತಂದು ತಕ್ಕಡಿಯ ಸರಿತಪ್ಪು ನೋಡಲು ಬರುತ್ತಿದ್ದ ಮೆಕ್ಯಾನಿಕ್ ಒಬ್ಬರು ಮದುವೆಯಾಗೋಣವೇ ಎಂದು ಕೇಳಿದರಂತೆ. ದೊಡ್ಡಮ್ಮ ಎರಡು ದಿನ ಯೋಚಿಸಿ ಬೇಡ ಎಂದಳಂತೆ. ಗಂಡ ಸತ್ತ ತಂಗಿ, ಸಣ್ಣ ಮಗು. ಆ ಎಲೆಯನ್ನೂ ಇಟ್ಟಳು. ಮಗು ನಾನು.

ನನಗೆ ಹನ್ನೆರಡು ವರ್ಷವಾಗಿದ್ದಾಗ ಒಂದು ಶನಿವಾರ ಅವಳ ಕೈಗೆ ಏಳು ಮತ್ತು ಎರಡು ಬಂದವು. ಆ ಆಟದಲ್ಲಿ ಅದಕ್ಕಿಂತ ದರಿದ್ರವಾದ ಜೋಡಿ ಇಲ್ಲ. ಇಡುತ್ತಾಳೆ ಎಂದುಕೊಂಡು ನಾನು ಲೆಕ್ಕಕ್ಕೆ ತಲೆ ಬಗ್ಗಿಸಿದೆ. ಇಡಲಿಲ್ಲ. ನಡುವೆ ಎಕ್ಕ ಬಿತ್ತು, ಒಂಬತ್ತು, ನಾಲ್ಕು, ಆಮೇಲೆ ರಾಜ. ಅವಳ ಕೈಯಲ್ಲಿ ಏನೂ ಇರಲಿಲ್ಲ. ಏನೆಂದರೆ ಏನೂ. ಮುಂದಿದ್ದ ನಲವತ್ತೆರಡು ವಾಷರುಗಳನ್ನೂ ಅಂಗೈಯಲ್ಲಿ ಒಟ್ಟುಮಾಡಿ ಮುಂದಕ್ಕೆ ತಳ್ಳಿದಳು. ಆಮೇಲೆ ಕನ್ನಡಕ ತೆಗೆದು ಕರ್ಚೀಫಿನಿಂದ ಒರೆಸುತ್ತ ಹಿಂದಕ್ಕೆ ತಿರುಗಿ, "ಹಸಿವಾಗ್ತಿದ್ಯಾ ಪುಟ್ಟಿ?" ಅಂದಳು.

ಆಗಷ್ಟೇ ಅವಳ ಡಬ್ಬಿಯ ಊಟ ಮುಗಿಸಿ ಅವಳೆದುರೇ ಕೈ ತೊಳೆದಿದ್ದೆ.

ಹದಿನಾಲ್ಕು ಚಕ್ರ ಬಹಳ ಹೊತ್ತು ಕೂತ. ಹಲ್ಲಿನ ಸಂದಿಯಲ್ಲಿ ಬೀಡಿ ಆರಿಹೋಯಿತು. "ರಾಣಿ ಜೋಡಿ ಇಟ್ಕೊಂಡು ಎದ್ದು ಹೋಗೋ ಹಂಗಾಯ್ತಲ್ಲ ನನ್ನ ಹಣೆಬರಹ" ಎಂದು ಎಲೆ ಎಸೆದ. "ಒಂದ್ಸಲ ತೋರ್ಸಕ್ಕಾ. ಎಕ್ಕ ತಾನೆ?"

"ನೋಡ್ಬೇಕಾದ್ರೆ ಹಾಕ್ಬೇಕು" ಎಂದು ದೊಡ್ಡಮ್ಮ ತನ್ನ ಎರಡು ಎಲೆಗಳನ್ನೂ ಕಟ್ಟಿನೊಳಗೆ ಸೇರಿಸಿ ಕಲೆಸಿಬಿಟ್ಟಳು.

ದಾರಿಯಲ್ಲಿ ಯಾಕೆ ಹಾಗೆ ಮಾಡಿದೆ ಎಂದು ಕೇಳಿದ್ದಕ್ಕೆ, "ಮೂವತ್ತು ಶನಿವಾರ ಸುಮ್ಮನೆ ಇಟ್ಟಿದ್ದೀನಲ್ಲ, ಅದಕ್ಕೆ ಇವತ್ತು ಬಡ್ಡಿ ತಗೊಂಡೆ" ಅಂದಳು. ಸ್ವಲ್ಪ ದೂರ ನಡೆದ ಮೇಲೆ, "ನಿಜ ಹೇಳ್ಕೊಂಡು ಬಂದೋರಿಗೆ ಒಂದು ಸುಳ್ಳು ಪುಕ್ಕಟೆ ಕಣೇ. ಎರಡನೇದಕ್ಕೆ ಬೆಲೆ ಕೊಡ್ಬೇಕಾಗುತ್ತೆ" ಎಂದು ತನಗೆ ತಾನೇ ಎಂಬಂತೆ ಹೇಳಿದಳು.

ಈಗ ಹೇಳಿ, ನಾನು ಹೇಗೆ ನಿದ್ದೆ ಮಾಡಲಿ?

ಅವಳೆದುರು ಕುಳಿತು ನೇರವಾಗಿ ಕೇಳುವುದಕ್ಕೆ ಹತ್ತೊಂಬತ್ತು ದಿನ ಯಾಕೆ ಬೇಕಾಯಿತು ಎಂಬುದನ್ನೂ ಬರೆಯಲೇಬೇಕು, ಬರೆಯಲು ನಾಚಿಕೆಯಾದರೂ. ನಾಲ್ಕು ವರ್ಷದ ಹಿಂದೆ ಅಮ್ಮ ಇದೇ ಕಾಯಿಲೆಯಿಂದ, ಕ್ಯಾನ್ಸರಿನಿಂದ ಹೋದಳು. ಗಂಟನ್ನು ಒಂದು ವರ್ಷ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡು, ಕೊನೆಗೆ ಎಂಟು ತಿಂಗಳು ಹಾಸಿಗೆ. ಆ ಎಂಟು ತಿಂಗಳೂ ಬಕೆಟ್ಟು ಹಿಡಿದವಳು, ಉದುರಿದ ಕೂದಲು ಗುಡಿಸಿದವಳು ದೊಡ್ಡಮ್ಮ. ಎಲ್ಲ ಮುಗಿದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, "ಮೊದಲ ಎಲೆಗೇ ಹಾಕ್ಬೇಕಿತ್ತು ಇವಳು. ಕೊನೇ ಎಲೆಗೆ ಕಾದು ಹಾಕಿದ್ಲು" ಅಂದಳು. ಅಷ್ಟು ತಿಳಿದವಳು ತನ್ನ ಮೊದಲ ಎಲೆಯನ್ನು ಹೀಗೆ ಬೋರಲು ಇಟ್ಟಳೆಂದರೆ, ಅದಕ್ಕೆ ಕಾರಣ ನಾನು. ಮುಂದಿನ ತಿಂಗಳು ಒಂದನೇ ತಾರೀಖು ನನ್ನ ಹೆರಿಗೆ ರಜೆ ಮುಗಿಯುತ್ತದೆ. ಆರು ತಿಂಗಳ ಮಗು, ಎರಡು ಕೋಣೆಯ ಮನೆ, ಪಾಳಿಯ ಮೇಲೆ ಹೋಗುವ ಗಂಡ. ಬಕೆಟ್ಟು ಹಿಡಿಯುವವರು ಯಾರು ಎಂದು ಅವಳು ಲೆಕ್ಕ ಹಾಕಿದ್ದಾಳೆ. ನನ್ನ ಬಾಳನ್ನೇ ಸರಕೆಂದು ಚೀಟಿಯಲ್ಲಿ ಬರೆದು, ತನ್ನನ್ನು ಖಾಲಿ ಲಾರಿಯೆಂದು ಕಳೆದುಬಿಟ್ಟಿದ್ದಾಳೆ.

ನನಗೂ ಅದೇ ಅನುಕೂಲವಾಗಿತ್ತು. ನಂಬುವುದು ಅಗ್ಗ. ಕೇಳಿದರೆ ಗೊತ್ತಾಗುತ್ತದೆ, ಗೊತ್ತಾದರೆ ಹೆಗಲು ಕೊಡಬೇಕಾಗುತ್ತದೆ. ಪ್ರತಿ ದಿನ ಫೋನು ಕೈಗೆತ್ತಿಕೊಳ್ಳುವುದು, ಪಾಪು ಕುಂಯ್ ಎಂದರೆ ಸಾಕು, ನೆಪ ಸಿಕ್ಕಿತೆಂದು ಕೆಳಗಿಡುವುದು. ಹದಿನಾರು ದಿನ ಹೀಗೆಯೇ ಹೋಯಿತು.

ಹದಿನೇಳನೆಯ ದಿನ ಪಾಪುವಿನ ತಳ್ಳುಗಾಡಿಯ ಚಕ್ರ ಕಳಚಿತು. ಬೇರೆ ಅಂಗಡಿ ಇರಲಿಲ್ಲವೆಂದಲ್ಲ. ಕಾಲು ಪಂಕ್ಚರ್ ಮಾಮನ ಅಂಗಡಿಗೇ ಎಳೆಯಿತು. ಗೇಟಿನವರು ಈಗಿಲ್ಲ, ಹದಿನಾಲ್ಕು ಚಕ್ರನೂ ಮಾಮನೂ ನಿವೃತ್ತಳಾದ ದೊಡ್ಡಮ್ಮನೂ ಇಂದಿಗೂ ಶನಿವಾರ ಆಡುತ್ತಾರೆ. ಮಾಮ ಚಕ್ರವನ್ನು ತಿರುಗಿಸಿ ನೋಡಿ, "ಇಷ್ಟು ಸಣ್ಣ ಗಾಡಿ ನನ್ನ ಜನ್ಮದಲ್ಲಿ ರಿಪೇರಿ ಮಾಡಿಲ್ಲವ್ವಾ. ಸರಕು ಎಷ್ಟು ಟನ್ನು?" ಎಂದು ನಕ್ಕ. ಆಮೇಲೆ ನಟ್ಟು ಬಿಗಿಯುತ್ತ, ನನ್ನ ಕಡೆ ನೋಡದೆ ಕೇಳಿದ.

"ಅಕ್ಕ ಮನೇಲಿ ಚೆನ್ನಾಗವಳಾ?"

"ಯಾಕೆ ಮಾಮ?"

"ಏನಿಲ್ಲ. ಈ ನಡುವೆ ಎಲೆನೇ ಇಡ್ತಿಲ್ಲ ಅವಳು. ಕಸ ಬಂದ್ರೂ ತಳ್ತಾಳೆ. ಹೋದ ಶನಿವಾರ ಅರ್ಧ ಗಂಟೇಲಿ ಐವತ್ತೂ ಖಾಲಿ ಮಾಡ್ಕೊಂಡು, ನಗ್ತಾ ಎದ್ದು ಹೋದ್ಲು. ಗೆದ್ದಿದ್ದು ನಾನೇ. ಆದ್ರೆ ಆ ದುಡ್ಡು ಮುಟ್ಟೋಕೆ ನನಗೆ ಮನಸೇ ಬರ್ಲಿಲ್ಲ ಕಣವ್ವಾ."

ಸ್ಪ್ಯಾನರನ್ನು ಒರೆಸಿ ಪೆಟ್ಟಿಗೆಗೆ ಹಾಕಿದ. ದುಡ್ಡು ಕೊಡಲು ಹೋದರೆ ಕೈ ಬೀಸಿದ. ತಳ್ಳುಗಾಡಿಯ ಹಿಡಿಕೆ ಹಿಡಿದು ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಉಳಿಸಿಕೊಳ್ಳಬೇಕಾದ್ದು ಏನಾದರೂ ಇರುವವರು ಮಾತ್ರ ಎಲೆ ಇಡುತ್ತಾರೆ.

ಆದರೂ ಅಂದೇ ಫೋನ್ ಮಾಡಲಿಲ್ಲ. ಬರೀ ಕೇಳಿದರೆ ಅವಳು ತೋರಿಸುವುದಿಲ್ಲ. ಹದಿನಾಲ್ಕು ಚಕ್ರನಿಗೇ ತೋರಿಸಲಿಲ್ಲ.

ಮರುದಿನ ಪಾಪುವನ್ನು ಕಂಕುಳಲ್ಲಿ ಹೊತ್ತು ಕಚೇರಿಗೆ ಹೋದೆ. ಕಟ್ಟಡಗಳ ನಕ್ಷೆ ಬಿಡಿಸುವ ಕಚೇರಿ. ಕಿಟಕಿ ಪಕ್ಕದ ನನ್ನ ಮೇಜಿನ ಮೇಲೆ ಯಾರದೋ ನೀರಿನ ಬಾಟಲಿ ಆಗಲೇ ಕೂತಿತ್ತು. ಸಂಬಳವಿಲ್ಲದ ಮೂರು ತಿಂಗಳ ರಜೆಗೆ ಅರ್ಜಿ ಕೊಟ್ಟೆ. ಮ್ಯಾನೇಜರು ಓದಿ, "ಮೂರು ತಿಂಗಳಾದ್ಮೇಲೆ ಈ ಮೇಜು ನಿಮಗೇ ಇರುತ್ತೆ ಅಂತ ನಾನು ಮಾತು ಕೊಡೋಕಾಗಲ್ಲಮ್ಮ" ಅಂದರು. ಗೊತ್ತು ಸಾರ್ ಎಂದು ಸಹಿ ಹಾಕಿದೆ. ಪೆನ್ನು ಕಸಿಯಲು ಪಾಪು ಚಾಚಿದ ಕೈ ಸಹಿಯ ಮೇಲೆ ಒಂದು ಗೀಟು ಎಳೆಯಿತು.

ಇವತ್ತು ಬೆಳಿಗ್ಗೆ ಹಿಂದಿನ ಕೋಣೆಯನ್ನು ಖಾಲಿ ಮಾಡಿದೆ. ತೊಟ್ಟಿಲನ್ನು ನಮ್ಮ ಕೋಣೆಗೆ ಎಳೆದೆ, ಒಣಗಿದ ಬಟ್ಟೆಯ ರಾಶಿ ತೆಗೆದೆ, ಮಂಚವನ್ನು ಕಿಟಕಿಯ ಬಳಿಗೆ ಸರಿಸಲು ಹೋಗಿ ಅದು ಅಲುಗಾಡದೆ ನಿಂತೆ. ರಾತ್ರಿಪಾಳಿ ಮುಗಿಸಿ ಬಂದ ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅವರು ಚೆನ್ನಾಗೇ ಇದ್ರೆ?"

"ಚೆನ್ನಾಗಿದ್ರೆ ಎರಡು ದಿನ ಮಲಗಿ ಎದ್ದು ಹೋಗ್ಲಿ."

ಅವರು ಶೂ ಕೂಡ ಬಿಚ್ಚದೆ ಬಂದು ಮಂಚದ ಇನ್ನೊಂದು ತುದಿ ಎತ್ತಿದರು. ಮಂಚ ಇಟ್ಟ ಮೇಲೆ, ಬಚ್ಚಲಿನಿಂದ ಬಕೆಟ್ಟು ತಂದು ಅದರ ಕೆಳಗೆ ಅವರೇ ಇಟ್ಟರು. ಅದನ್ನು ನೋಡಿ ನನಗೆ ಅಳು ಬಂತು.

ಮಧ್ಯಾಹ್ನ ಪಾಪು ಮಲಗಿತು. ಆ ಖಾಲಿ ಮಂಚದ ಅಂಚಿನಲ್ಲಿ ಕೂತು ಫೋನ್ ಮಾಡಿದೆ. ಆರು ಸಲ ರಿಂಗಾಯಿತು.

"ಏನೇ ಪುಟ್ಟಿ, ಈ ಹೊತ್ತಲ್ಲಿ? ಪಾಪು ಹುಷಾರಾಗಿದೆ ತಾನೆ?"

"ಪಾಪು ಮಲಗಿದೆ. ದೊಡ್ಡಮ್ಮಾ, ರಿಪೋರ್ಟ್ ತೋರ್ಸು."

"ಯಾವ ರಿಪೋರ್ಟೇ? ಅವತ್ತೇ ಹೇಳಿದ್ನಲ್ಲ, ಕೊಬ್ಬಿನ—"

"ನಾನು ಹಾಕಿದ್ದೀನಿ ದೊಡ್ಡಮ್ಮ. ಈಗ ನೀನು ತೋರಿಸ್ಬೇಕು."

ಅವಳ ಮನೆಯ ಮುಂದಿನ ರಸ್ತೆಯಲ್ಲಿ ಭಾರದ ಗಾಡಿಯೊಂದು ಗೇರು ಬದಲಾಯಿಸುವ ಸದ್ದು ಕೇಳಿತು.

"ಎಷ್ಟು ಹಾಕಿದ್ದೀಯ?"

"ಮುಂದಿದ್ದದ್ದೆಲ್ಲ. ಮೂರು ತಿಂಗಳ ರಜೆ ಬರೆದುಕೊಟ್ಟು ಬಂದೆ. ಹಿಂದಿನ ಕೋಣೆ ಖಾಲಿ ಮಾಡಿದ್ದೀವಿ. ಮಂಚ ಕಿಟಕಿ ಹತ್ರ ಹಾಕಿದ್ದೀವಿ."

"ದಡ್ಡಿ. ಎದುರಿನವರ ಎಲೆ ಗೊತ್ತಿಲ್ಲದೆ ಯಾರಾದ್ರೂ ಅಷ್ಟು ಹಾಕ್ತಾರೇನೇ?"

"ನೀನು ಕನ್ನಡಕ ಒರೆಸಿದ್ಯಲ್ಲ. ಪಾಪುಗೆ ಹಸಿವಾಗ್ತಿದ್ಯಾ ಅಂತ ಕೇಳಿದ್ಯಲ್ಲ."

ಫೋನ್ ಕಡಿದುಹೋಗಿಲ್ಲ ತಾನೆ ಎಂದು ಎರಡು ಸಲ ಕಿವಿಯಿಂದ ತೆಗೆದು ನೋಡಿದೆ.

"ಏಳು, ಎರಡು" ಅಂದಳು ಕೊನೆಗೆ.

ನನಗೆ ಗೊತ್ತೇ ಇತ್ತು. ಆದರೂ ಕಿಟಕಿಯ ಕಂಬಿ ಹಿಡಿದುಕೊಂಡೆ.

"ಯಾವಾಗ ಹೇಳಿದ್ರು ಡಾಕ್ಟರು?"

"ನಾಲ್ಕು ವಾರ ಆಯ್ತು. ಹದಿನೈದು ದಿನದೊಳಗೆ ಬನ್ನಿ ಅಂದಿದ್ರು. ಈಗ ಏನಾಗಿದೆಯೋ ಏನೋ, ಯಾರಿಗೆ ಗೊತ್ತು" ಅಂದಳು. ಆ ನಾಲ್ಕು ವಾರದಲ್ಲಿ ಹತ್ತೊಂಬತ್ತು ದಿನ ನನ್ನವು. ಅದನ್ನು ಅವಳು ಹೇಳಲಿಲ್ಲ. ಹೇಳುವವಳೂ ಅಲ್ಲ.

"ಪುಟ್ಟೀ, ಪಾಪು ಎದ್ದಿತೇನೋ, ಹಸಿ—"

"ಪಾಪು ಏಳಲಿಲ್ಲ. ಓದು ದೊಡ್ಡಮ್ಮ. ನಾನು ಬರ್ಕೋತೀನಿ."

ಬೀರುವಿನ ಬಾಗಿಲು ಕಿರ್ರೆಂದಿತು. ಕಾಗದ ಬಿಚ್ಚಿದ ಸದ್ದು. ಕನ್ನಡಕ ಹಾಕಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದು, ಗಾಜಿನ ಕಿಟಕಿಯ ಹಿಂದಿನ ಆ ಹಳೆಯ ಏರಿಳಿತವಿಲ್ಲದ ದನಿಯಲ್ಲಿ ಅವಳು ಓದತೊಡಗಿದಳು. ಮೊದಲು ನಂಬರು, ಆಮೇಲೆ ತಾರೀಖು.